ಶ್ರುತಿ ಯಾರ ತಾಬಾ

೧೨ ಜುಲೈ ೨೦೦೪, ಸೋಮವಾರ

ಬೆಳಿಗ್ಗೆ ಕೋರ್ಟಿನ ಬೇಲೀಫ್ ಬಂದಿದ್ದ. ನಾನು ಅಂಗಳದಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದೆ, ಮೊಣಕೈವರೆಗೆ ಅಂಟು.

"ಹೊಳಬಸಪ್ಪನ ಮನಿ ಇದ ಏನ್ರಿ? ಅಂಬವ್ವ ಅಂದ್ರ ಯಾರು?"

"ನಾನ. ಯಾಕ?"

"ಕೋರ್ಟಿನ ನೋಟೀಸು ಐತಿ. ಇಲ್ಲೆ ಸಹಿ ಮಾಡ್ರಿ. ಬರಂಗಿಲ್ಲಂದ್ರ ಹೆಬ್ಬಟ್ಟ ಒತ್ತಿದ್ರೂ ನಡೀತೈತಿ."

ನನಗೆ ಪಿತ್ತ ನೆತ್ತಿಗೇರಿತು. ಹತ್ತನೇ ಇಯತ್ತೆ ಪಾಸಾದವಳು ನಾನು, ಗಣಿತದಲ್ಲಿ ಅರವತ್ತೆರಡು. ಬೇಕಂತಲೇ ಸಾವಕಾಶ ಕೈ ತೊಳೆದು, ಒರೆಸಿಕೊಂಡು, ಗಂಡನ ಹೆಸರು ಅಡ್ಡಹೆಸರು ಸಮೇತ ಸಹಿ ಮಾಡಿದೆ. ಅವನು ಹೋದ ಮೇಲೆ ಓದಿದೆ. ಓದಿ ಅಲ್ಲೇ ಗಂಜಿಯ ಪಾತ್ರೆಯ ಪಕ್ಕದಲ್ಲಿ ಕುಕ್ಕರಿಸಿದೆ.

ಮಲ್ಲು ಶ್ರುತಿಯನ್ನು ಕೇಳಿದ್ದಾನೆ. ನನ್ನ ತಂಗಿ ಅನುರಾಧಾಳ ಗಂಡ, ಆ ಮಲ್ಲು. ಒಂಬತ್ತು ವರ್ಷದ ಮೇಲೆ ಸಾಹೇಬರಿಗೆ ಮಗಳ ನೆನಪಾಗಿದೆ!

ಅನುರಾಧಾ ಹಡೆದ ಮೂರನೇ ದಿನಕ್ಕೆ ದವಾಖಾನೆಯಲ್ಲಿ ತೀರಿಕೊಂಡಳು. ಮಲ್ಲೂನ ಅವ್ವ, ತಾಯಿಯನ್ನು ನುಂಗಿದ ಕೂಸು ನಮ್ಮ ಹೊಸ್ತಿಲು ತುಳಿಯಬಾರದು ಅಂದಳು. ಇವನು ಗೋಡೆ ನೋಡುತ್ತ ನಿಂತಿದ್ದ. ಹದಿಮೂರನೇ ದಿನ ಕುಲದ ಹಿರಿಯರ ಮುಂದೆ ಕೂಸನ್ನು ತಂದು ನನ್ನ ಉಡಿಯಲ್ಲಿ ಹಾಕಿ, "ಅಕ್ಕಾರ, ಇನ್ನ ಇದು ನಿಮ್ಮ ಕೂಸು" ಅಂದ. ನನಗೆ ಮದುವೆಯಾಗಿ ಹನ್ನೊಂದು ವರ್ಷ, ಹೊಟ್ಟೆ ತೆರೆದಿರಲಿಲ್ಲ. ಅತ್ತ ತಂಗಿಯನ್ನು ಮಣ್ಣಿಗೆ ಕೊಟ್ಟು, ಇತ್ತ ಉಡಿ ತುಂಬಿಸಿಕೊಂಡು ಬಂದೆ. ಅಳಬೇಕೋ ನಗಬೇಕೋ ತಿಳಿಯದ ದಿನ ಅದು.

ಮರುವರ್ಷವೇ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ಬಾಗಲಕೋಟೆಯ ನವನಗರದಲ್ಲಿ ಬಟ್ಟೆ ಅಂಗಡಿ ಹಾಕಿದ. ಈ ಒಂಬತ್ತು ವರ್ಷದಲ್ಲಿ ಇಳಕಲ್ಲಿಗೆ ಮೂರು ಸಲ ಬಂದಿದ್ದಾನೆ. ಶ್ರುತಿಗೆ ನಾನೇ ಅವ್ವ. ಅನುರಾಧಾ ಅಂದರೆ ಗೋಡೆಯ ಮೇಲಿನ "ಫೋಟೋದವ್ವ".

ಅವಳ ಮೂರನೇ ಇಯತ್ತೆಯ ಗಣಿತದ ನೋಟಬುಕ್ಕಿನಲ್ಲಿ ಖಾಲಿ ಹಾಳೆ ಉಳಿದಿದ್ದವು. ಅದರಲ್ಲೇ ಬರೆಯುತ್ತಿದ್ದೇನೆ. ಯಾರಿಗಾದರೂ ಬಯ್ಯಬೇಕಲ್ಲ.

೧೫ ಜುಲೈ

ಹುನಗುಂದಕ್ಕೆ ಹೋಗಿ ವಕೀಲ ಯಾಕೂಬಸಾಬರನ್ನು ಕಂಡೆವು. ನಮ್ಮವರ ಪರಿಚಯದವರು, ಮುದುಕರು, ಮಾತು ಖಡಕ್. ನೋಟೀಸು ಓದಿ ಕನ್ನಡಕ ತೆಗೆದಿಟ್ಟರು.

ಮೊದಲು ನಾನೇ ಬಾಯಿ ಬಿಟ್ಟೆ. "ಇದರಾಗ 'ಅಜ್ಞಾನ ಶ್ರುತಿ' ಅಂತ ಬರದಾರಲ್ರಿ, ಯಾರ ಅಜ್ಞಾನ? ನಮ್ಮ ಹುಡುಗಿ ಹದಿನೇಳರ ಮಗ್ಗಿ ತಿರುವಿ ಹೇಳ್ತಾಳ."

"ಹದಿನೆಂಟು ತುಂಬದವ್ರಿಗೆಲ್ಲಾ ನಮ್ಮ ಕಡೆ ಹಂಗ ಬರೀತಾರ ಅಂಬವ್ವಾರ. ಬೈಗುಳ ಅಲ್ಲ ಅದು."

ಆಮೇಲೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು. 'ಸ್ವಾಭಾವಿಕ ಪಾಲಕ' ಅಂದರೆ ಹೆತ್ತವರು. ತಾಯಿ ಇಲ್ಲ, ತಂದೆ ಇದ್ದಾನೆ, ಆದ್ದರಿಂದ ಮಲ್ಲು. ಉಚ್ಚೆ ಬಟ್ಟೆ ಒಗೆದವಳು, ದಡಾರ ಬಂದಾಗ ಹದಿನಾಲ್ಕು ದಿನ ಬೇವಿನ ಸೊಪ್ಪಿನ ಬದಿಗೆ ಕೂತವಳು ಸ್ವಾಭಾವಿಕ ಅಲ್ಲವಂತೆ. ಅರ್ಜಿ ಹಾಕಿದ ಮಲ್ಲು 'ಅರ್ಜಿದಾರ', ಅವನ ಎದುರು ನಿಂತ ನಾನು 'ಎದುರುದಾರಳು'. 'ತಾಬಾ' ಅಂದರೆ ಕೂಸು ಯಾರ ಕೈಯಲ್ಲಿ ಇರಬೇಕು ಅನ್ನುವುದು. ಹೊಲ ಮನೆಗೆ ತಾಬಾ ಅನ್ನುವುದು ಕೇಳಿದ್ದೆ, ಹುಡುಗಿಗೂ ಅನ್ನುತ್ತಾರೆ ಅಂತ ಇವತ್ತು ತಿಳಿಯಿತು.

"ದತ್ತಕ ಪತ್ರ ಐತೇನು?" ಅಂತ ಕೇಳಿದರು.

"ಉಡಿಯಾಗ ಹಾಕಿದ್ದನ್ನ ಹದಿನೈದು ಮಂದಿ ನೋಡ್ಯಾರ್ರಿ," ಅಂದರು ನಮ್ಮವರು.

"ನೋಡಿದ್ದು ಖರೆ. ಬರದಿಟ್ಟವ್ರು ಯಾರು? ನೇಕಾರ ಮಂದಿ, ಎಳಿ ಎಳಿ ಎಣಸ್ತೀರಿ, ಒಂದು ಕಾಗದ ಮಾಡಿಸಿಕೊಳ್ಳೂದು ಹೊಳೀಲಿಲ್ಲೇನು?"

ಹೊಳೆಯಲಿಲ್ಲ. ಉಡಿ ತುಂಬಿದ ಮೇಲೆ ಕಾಗದ ಕೇಳುವುದೆಂದರೆ ಕೊಟ್ಟವನ ಮುಖಕ್ಕೆ ಉಗುಳಿದ ಹಾಗೆ. ನಮ್ಮಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

ಹೊರಡುವಾಗ ವಕೀಲರು ಒಂದು ಧೈರ್ಯ ಹೇಳಿದರು. "ಕಾಯದೆ ಏನ ಅನ್ಲಿ, ಮಗುವಿನ ಹಿತ ಎಲ್ಲಾದಕ್ಕಿಂತ ಮ್ಯಾಲ. ಜಜ್ಜರು ಕಡೀಕ ಅದನ್ನ ನೋಡ್ತಾರ." ಹಾಗಿದ್ದರೆ ಗೆದ್ದೆವು ಬಿಡಿ ಅಂದುಕೊಂಡೆ. ಅವಳ ಹಿತ ನನಗಿಂತ ಯಾರಿಗೆ ಗೊತ್ತು?

೯ ಆಗಸ್ಟ್, ಸೋಮವಾರ

ಮೊದಲ ತಾರೀಖು. ಮೊದಲ ಬಸ್ಸಿಗೆ ಹೊರಟು ಬಾಗಲಕೋಟೆ ಮುಟ್ಟಿದೆವು. ಪಟ್ಟೇವಾಲಾ ನಮ್ಮ ಹೆಸರು ಕೂಗಿದ, ವಕೀಲರು ಎದ್ದು ನಿಂತು ಏನೋ ಅಂದರು, ಇನ್ನೊಂದು ತಾರೀಖು ಬಿತ್ತು. ಎರಡು ನಿಮಿಷ. ಇಷ್ಟಕ್ಕೆ ಮೂರು ತಾಸಿನ ಬಸ್ಸು.

ಶ್ರುತಿಗೆ ಬಸ್ಸಿನಲ್ಲೇ ಹೇಳಿಕೊಟ್ಟಿದ್ದೆ, ಕೋರ್ಟಿನಲ್ಲಿ ನನ್ನನ್ನು ಅವ್ವ ಅನ್ನಬೇಡ, ದೊಡ್ಡವ್ವ ಅನ್ನು ಅಂತ. ವಕೀಲರ ಮಾತು ಅದು. ಅವಳಿಗೆ ಆಟ. ಅಮೀನಗಡ ದಾಟುವವರೆಗೂ ದೊಡ್ಡವ್ವಾ ದೊಡ್ಡವ್ವಾ ಅಂತ ಕರೆದು ನಕ್ಕಳು. ನನಗೆ ನಗು ಬರಲಿಲ್ಲ.

ಮಲ್ಲು ಬಿಳಿ ಅಂಗಿ ಹಾಕಿಕೊಂಡು ಬೇವಿನ ಗಿಡದ ಕಟ್ಟೆಯ ಹತ್ತಿರ ನಿಂತಿದ್ದ. ದಪ್ಪಗಾಗಿದ್ದಾನೆ. "ಆರಾಮ ಅದೀರಿ ಅಕ್ಕಾರ?" ಅಂದ. ಮಾತಾಡಿಸಲಿಲ್ಲ. ಅವನ ಹೆಂಡತಿ ಇಂದ್ರವ್ವ ಶ್ರುತಿಯ ತಲೆ ಸವರಲು ಕೈ ಚಾಚಿದಳು. ಮದುವೆಯಾಗಿ ಎಂಟು ವರ್ಷ, ಇನ್ನೂ ತೊಟ್ಟಿಲು ಕಟ್ಟಿಲ್ಲ, ಅದಕ್ಕೇ ಈ ಅಕ್ಕರೆ. ಸುಮ್ಮನಿರಲಿಕ್ಕೆ ಆಗಲಿಲ್ಲ ನನಗೆ.

"ಹಡೀಲಾರದಾಕಿ ಮಂದಿ ಮಕ್ಕಳ ಮ್ಯಾಲ ಕಣ್ಣು ಹಾಕಬಾರದು," ಅಂದೆ. ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಅವಳು ಚಾಚಿದ ಕೈ ಎಲ್ಲಿಡಬೇಕು ತಿಳಿಯದೆ ಸೆರಗು ಹಿಡಿದುಕೊಂಡಳು.

ತಿರುಗಿ ಬರುವಾಗ ಹುನಗುಂದ ದಾಟಿದ ಮೇಲೆ ನಮ್ಮವರು ನನ್ನ ಕಡೆ ತಿರುಗಿದರು. "ನಿನಗ ಯಾರರ ಹಂಗ ಅಂದಿದ್ರ?" ಅಂದರು.

"ನನಗ್ಯಾಕ ಅಂತಾರ? ನನಗ ಮಗಳದಾಳ," ಅಂದೆ.

೩ ಸೆಪ್ಟೆಂಬರ್, ಶುಕ್ರವಾರ

ಇವತ್ತು ಮನಸ್ಸು ಹಗುರ. ಕೋರ್ಟು ಕಳಿಸಿದ ಮೇಡಂ ನಮ್ಮ ಮನೆ ನೋಡಲು ಬಂದಿದ್ದರು. ಕೂಸು ಹೇಗಿದೆ, ಏನು ಉಣ್ಣುತ್ತದೆ, ಎಲ್ಲಿ ಮಲಗುತ್ತದೆ ಅಂತ ನೋಡಿ ವರದಿ ಕೊಡುತ್ತಾರಂತೆ. ಮಲ್ಲೂನ ಮನೆಗೂ ಹೋಗುತ್ತಾರಂತೆ, ಹೋಗಲಿ.

ನಸುಕಿನಲ್ಲೇ ಎದ್ದು ಮನೆ ಸಾರಿಸಿ, ಶ್ರುತಿಗೆ ಎಣ್ಣೆ ಹಚ್ಚಿ ಬಾಚಿ, ಹೂವು ಮುಡಿಸಿದ್ದೆ. ಮೇಡಂ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಸಾಲಿ ಬಿಟ್ಟ ಮ್ಯಾಲ ಏನ ಮಾಡ್ತಿ ಪುಟ್ಟಿ?" ಅಂತ ಕೇಳಿದರು.

"ಕಂಡಿಕಿ ಸುತ್ತತೇನ್ರಿ!" ಅಂದಳು ಎದೆಯುಬ್ಬಿಸಿ.

ನನಗೆ ಆಕಾಶ ಮೂರೇ ಗೇಣು ಉಳಿಯಿತು. "ತೋರಸವ್ವ ಮೇಡಂರಿಗೆ," ಅಂದೆ. ರಾಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕೈ ತಿರುಗಿಸಿದಳು ನೋಡಿ, ಲಾಳಿಗೆ ಹಾಕುವ ಕಂಡಿಕೆ ಆರು ಸುತ್ತಿಟ್ಟಳು, ಒಂದು ಎಳೆ ಹರಿಯಲಿಲ್ಲ. ಮೇಡಂ ಕಣ್ಣು ಅಗಲಿಸಿದರು. ನಾನು ಇನ್ನೂ ಮುಂದೆ ಹೋದೆ. ಮಗ್ಗದ ಹಾಸಿನಲ್ಲಿ ಹರಿದ ಎಳೆ ಕೂಡಿಸುವುದಕ್ಕೆ ಅವಳ ಸಣ್ಣ ಬೆರಳು ನಮ್ಮ ಬೆರಳಿಗಿಂತ ಚೊಲೊ ಅಂತ ಹೇಳಿದೆ. ದಿನಾ ಎಷ್ಟು ಹೊತ್ತು ಅಂತ ಕೇಳಿದರು. ಖರೆ ಹೇಳಬೇಕೆಂದರೆ ಅರ್ಧ ತಾಸು ಕೂತರೆ ಹೆಚ್ಚು, ಅಷ್ಟರಲ್ಲಿ ಪಕ್ಕದ ದೌಲತಬಿಯ ಅಂಗಳಕ್ಕೆ ಆಡಲು ಓಡುತ್ತಾಳೆ. ಆದರೆ ಹೆಣ್ಣು ನೋಡಲು ಬಂದವರ ಮುಂದೆ ಯಾರಾದರೂ ಕಡಿಮೆ ಹೇಳುತ್ತಾರೆಯೇ? "ಎರಡು ತಾಸು ಕೂಡ್ತಾಳ್ರಿ, ಹೇಳಿಸಿಕೊಳ್ಳಂಗಿಲ್ಲ," ಅಂದೆ. ಎಲ್ಲಾ ಬರೆದುಕೊಂಡರು. ಒಗ್ಗರಣೆ ಅವಲಕ್ಕಿ ತಿಂದು ಚಹಾ ಕುಡಿದು ಹೋದರು.

೨೭ ಸೆಪ್ಟೆಂಬರ್

ನನ್ನ ಬಾಯಿಗೆ ಮಣ್ಣು ಹಾಕ!

ವರದಿ ಬಂತು. ಯಾಕೂಬಸಾಬರು ಓದಿ ಹೇಳಿದರು: "ಬಾಲಕಿಯನ್ನು ದಿನನಿತ್ಯ ಎರಡು ತಾಸು ನೇಯ್ಗೆಯ ದುಡಿಮೆಗೆ ಹಚ್ಚಲಾಗುತ್ತಿದೆ. ಆಕೆಯ ಎಳೆಯ ಬೆರಳುಗಳ ಉಪಯೋಗವನ್ನು ಎದುರುದಾರಳು ತಾನೇ ಹೆಮ್ಮೆಯಿಂದ ವಿವರಿಸಿರುತ್ತಾಳೆ." ಮಲ್ಲೂನ ಮನೆಯ ವಿಷಯ ಬರೆದದ್ದು ಬೇರೆ: ಓದಲು ಪ್ರತ್ಯೇಕ ಕೋಣೆ, ಮೇಜು, ಹತ್ತಿರದಲ್ಲಿ ಇಂಗ್ಲಿಷ್ ಶಾಲೆ.

"ಇದಕ್ಕ ಬಾಲಕಾರ್ಮಿಕ ಅಂತಾರ," ಅಂದರು ವಕೀಲರು. "ಆಕಿ ಬರ್ತಾಳಂತ ಗೊತ್ತಿದ್ದೂ ರಾಟಿ ಮುಂದ ಕೂಡಸೀರಲ್ಲ, ಏನನ್ನಬೇಕು ನಿಮಗ?"

ನಾನು ಐದು ವರ್ಷಕ್ಕೆ ರಾಟಿ ಹಿಡಿದವಳು, ನನ್ನ ಅವ್ವ ತೊಟ್ಟಿಲಿನಿಂದಲೇ ಲಾಳಿಯ ಸಪ್ಪಳ ಕೇಳಿ ಬೆಳೆದವಳು. ಮಗಳು ಕಂಡಿಕೆ ಸುತ್ತಿದರೆ ಮನೆಗೆ ಕಳೆ ಬಂತು ಅನ್ನುತ್ತೇವೆ. ಆ ಮೇಡಂ ಅದನ್ನು ತಿರುವಿ ಬರೆಯಲಿಲ್ಲ, ನಾನು ಹೇಳಿದ್ದನ್ನೇ ಬರೆದಿದ್ದಾರೆ. ಅದೇ ಹೊಟ್ಟೆ ಉರಿಸುವುದು.

ಜಜ್ಜರು ಮಧ್ಯಂತರ ಆದೇಶ ಮಾಡಿದ್ದಾರೆ. ಮಧ್ಯಂತರ ಅಂದರೆ ಕಡೆಯ ತೀರ್ಪು ಬರುವವರೆಗೆ ನಡೆಯುವ ಅಪ್ಪಣೆ. ದಸರಾ ರಜೆಯಲ್ಲಿ ಒಂದು ವಾರ ಶ್ರುತಿಯನ್ನು ಮಲ್ಲೂನ ಹತ್ತಿರ ಕಳಿಸಬೇಕು. ಕಳಿಸದಿದ್ದರೆ ನಾನೇ ಕೋರ್ಟಿಗೆ ಎದುರು ಬಿದ್ದಂತೆ.

"ಅಂವನ ಮ್ಯಾಲ ಹೇಳೂವಂಥಾದ್ದು ಏನರ ಐತೇನು? ಇದ್ರ ಕೈಫಿಯತ್ತಿನ್ಯಾಗ ಹಾಕಬೇಕು," ಅಂದರು ವಕೀಲರು. ಕೈಫಿಯತ್ತು ಅಂದರೆ ನಮ್ಮ ಕಡೆಯ ಉತ್ತರ.

"ಕುಡೀತಾನ," ಅಂದೆ. ಹೇಗೆ ಬಂತೋ ಬಾಯಿಂದ ಬಂದುಬಿಟ್ಟಿತು.

"ಖರೇನು?"

"ಖರೆ."

ನಮ್ಮವರು ಎದ್ದು ಹೊರಗೆ ಹೋದರು. ಬಸ್ಸಿನಲ್ಲಿ, "ಅಂವ ಚಹಾ ಕುಡೀಬೇಕಂದ್ರೂ ಎರಡು ಸಲ ವಿಚಾರ ಮಾಡಾಂವ," ಅಂದರು. ಹೌದು. ಆದರೆ ಅವನು ನನ್ನ ಉಡಿಯಿಂದ ಕೂಸನ್ನು ಕಿತ್ತುಕೊಳ್ಳಬಹುದು, ನಾನು ಒಂದು ಶಬ್ದ ಹೆಚ್ಚಿಗೆ ಹೇಳಬಾರದೇ? ಕೋರ್ಟು ಕಾಗದ ಕೇಳುತ್ತದೆ, ಕೊಡುತ್ತೇನೆ.

೧೦ ಅಕ್ಟೋಬರ್, ರವಿವಾರ

ಮಲ್ಲು ಬಂದು ಕರೆದುಕೊಂಡು ಹೋದ. ಬಸ್ಸಿನ ಕಿಟಕಿಯಿಂದ ಅಳುತ್ತಿದ್ದಳು. ಮನಸ್ಸಿಗೆ ಸಮಾಧಾನವಾಯಿತು, ಅತ್ತಳಲ್ಲ ಅಂತ.

೧೧ ಅಕ್ಟೋಬರ್

ಮನೆ ಬಿಕೋ ಅನ್ನುತ್ತಿದೆ.

೧೩ ಅಕ್ಟೋಬರ್

ಲೆಕ್ಕ ತಪ್ಪಿ ಅವಳ ರೊಟ್ಟಿಯನ್ನೂ ಬಡಿದೆ. ಯಾರೂ ಉಣ್ಣಲಿಲ್ಲ.

೧೭ ಅಕ್ಟೋಬರ್, ರವಿವಾರ

ಬಂದಳು. ಅಳುತ್ತ ಬರುತ್ತಾಳೆ ಅಂತ ಕಾದಿದ್ದೆ. ನಗುತ್ತ ಬಂದಳು.

ಎರಡು ಜಡೆ, ಕೆಂಪು ರಿಬ್ಬನ್ನು. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಬಾಯಿ ನಿಲ್ಲಲಿಲ್ಲ. ಬಾದಾಮಿಯ ಗುಹೆ ನೋಡಲು ಹೋಗಿದ್ದರಂತೆ, ಮಂಗ್ಯಾ ಬಂದು ಬಾಗಲಕೋಟಿ ಅಪ್ಪನ ಕೈಯಿಂದ ಪೇರಲ ಹಣ್ಣು ಕಸಿದುಕೊಂಡು ಹೋಯಿತಂತೆ, ಅಪ್ಪ ಅದಕ್ಕೆ "ತಗೊಳ್ಳಪಾ, ನೀನ ಹಿರಿಯಾಂವ" ಅಂತ ಕೈ ಮುಗಿದನಂತೆ. ಶನಿವಾರ ತುಳಸಿಗೇರಿ ಹಣಮಪ್ಪನ ಗುಡಿ. ಇಂದ್ರವ್ವ ಚಿಗವ್ವ ರಾಗಿಯಷ್ಟು ಸಣ್ಣ ರಂಗೋಲಿ ಹಾಕುತ್ತಾಳಂತೆ.

"ಸಾಕು ಮಾಡು!" ಅಂತ ಒದರಿದೆ.

ಕೂಡಿಸಿಕೊಂಡು ಆ ಜಡೆ ಬಿಚ್ಚಿ ಒಂದೇ ಜಡೆ ಹಾಕಿದೆ. ಹೊಟ್ಟೆಕಿಚ್ಚು ಅಲ್ಲ ಇದು. ಒಂದು ವಾರದಲ್ಲಿ ಒಂಬತ್ತು ವರ್ಷ ತೊಳೆದುಹೋಗಬಹುದು ಅಂತ ಗೊತ್ತಿರಲಿಲ್ಲ ನನಗೆ. ಹೆದರಿಕೆಯಾಯಿತು, ಖರೆ ಹೇಳುತ್ತೇನೆ, ನೋಟೀಸು ಬಂದ ದಿನ ಆದದ್ದಕ್ಕಿಂತ ಹೆಚ್ಚು.

೮ ನವೆಂಬರ್

ಜಜ್ಜರು ಹುಡುಗಿಯನ್ನು ತಾವೇ ಕೇಳುತ್ತಾರಂತೆ, ಚೇಂಬರಿನಲ್ಲಿ, ಯಾರೂ ಇಲ್ಲದಾಗ. ವಕೀಲರು, "ಏನ ಕೇಳಿದ್ರೂ ಖರೆ ಹೇಳು ಅನ್ರಿ, ಸಾಕು" ಅಂದಿದ್ದಾರೆ. ಅವರದೇನು ಗಂಟು ಹೋಗುತ್ತದೆ?

ದಿನಾ ಸಂಜೆ ಹೇಳಿಸುತ್ತಿದ್ದೇನೆ. "ಎಲ್ಲೆ ಇರ್ತಿ?" "ದೊಡ್ಡವ್ವನ ಹತ್ರ ಇರ್ತೇನ್ರಿ." "ಅಪ್ಪನ ಹತ್ರ ಯಾಕ ಒಲ್ಲಿ?" "ಅಂಜಿಕಿ ಬರ್ತೈತ್ರಿ."

ಇವತ್ತು ನಡುವೆ ನಿಲ್ಲಿಸಿ, "ಅವ್ವಾ, ಆದ್ರ ನನಗ ಅಂಜಿಕಿ ಬರಂಗಿಲ್ಲಲ್ಲ," ಅಂದಳು.

"ಬರ್ತೈತಿ ಅಂತ ಹೇಳು. ಇಲ್ಲಂದ್ರ ನಿನ್ನ ಅಲ್ಲೇ ಇಟ್ಟಬಿಡ್ತಾರ. ನೀ ಹೋದ್ರ ನಾ ಬದುಕಂಗಿಲ್ಲ, ತಿಳೀತಿಲ್ಲ?"

ಅಂದು ಮುಗಿಸುವುದರೊಳಗೆ ಕಣ್ಣೀರು ಬಂತು. ಬೇಕಂತ ಅಳಲಿಲ್ಲ. ಆದರೆ ನಾನು ಅತ್ತ ಮೇಲೆ ಅವಳು ಒಂದು ಶಬ್ದ ತಪ್ಪದೆ ಹೇಳಿದಳು. ನಮ್ಮವರು ಮಗ್ಗದ ಕುಣಿಯಿಂದ ಎದ್ದು ಬಂದು, "ಕೂಸಿನ ಬಾಯಾಗ ಏನ ತುರಕಾಕತ್ತಿ ಅಂಬವ್ವ?" ಅಂದರು.

"ಕೂಸಿನ ಹಿತ," ಅಂದೆ.

೨೬ ನವೆಂಬರ್

ಸಾಲಿಯ ಅಕ್ಕೋರು ಕರೆದಿದ್ದರು. ಶ್ರುತಿಗೆ ಗಣಿತದಲ್ಲಿ ಹದಿನೆಂಟು ಬಂದಿದೆ. ಉಗುರು ಕಚ್ಚಿ ಕಚ್ಚಿ ರಕ್ತ ತೆಗೆದುಕೊಳ್ಳುತ್ತಾಳೆ. ದೌಲತಬಿಯ ಮನೆಗೆ ಆಡಲೂ ಹೋಗುವುದಿಲ್ಲ. ಇದೆಲ್ಲ ಮಲ್ಲೂನಿಂದಲೇ. ದಸರಾಕ್ಕೆ ಹೋಗಿ ಬಂದ ಮೇಲೆ ಬಾಲಕಿಯ ನಡವಳಿಕೆ ಬದಲಾಗಿದೆ ಅಂತ ಅಕ್ಕೋರಿಂದ ಬರೆಸಿಕೊಂಡು ಬಂದೆ. ತಾರೀಖು ಹಾಕಿಸಿದ್ದೇನೆ, ಶಿಕ್ಕಾ ಹೊಡೆಸಿದ್ದೇನೆ. ಈ ಸಲ ಕಾಗದ ಇಲ್ಲ ಅನ್ನುವಂತಿಲ್ಲ ಯಾರೂ.

೬ ಡಿಸೆಂಬರ್, ಸೋಮವಾರ

ಪಾಟೀ ಸವಾಲು ಮುಗಿಯಿತು. ಅಂದರೆ ಅವರ ವಕೀಲ ನಮ್ಮನ್ನು ನಿಲ್ಲಿಸಿ ಕೇಳುವುದು. ದೇವರ ಮೇಲೆ ಪ್ರಮಾಣ ಮಾಡಿಸಿದರು. ಮಾಡಿದೆ.

"ಅರ್ಜಿದಾರ ಕುಡೀತಾನಂತ ಹೇಳೀರಿ. ಕಣ್ಣಾರೆ ಕಂಡೀರೇನು?"

"ಕಂಡೇನ್ರಿ."

"ಎಲ್ಲೆ, ಯಾವಾಗ?"

ಅದನ್ನು ಯೋಚನೆ ಮಾಡಿರಲಿಲ್ಲ. "ನನ್ನ ತಂಗಿ ಲಗ್ನದಾಗ," ಅಂದೆ.

ಮಲ್ಲು ತಲೆ ಎತ್ತಿ ನನ್ನನ್ನೇ ನೋಡಿದ. ಅವನ ಲಗ್ನದಲ್ಲಿ ಅವನಿಗೆ ಕಾಮಾಲೆಯಾಗಿತ್ತು, ಅಕ್ಕಿಕಾಳು ಬೀಳುವಾಗಲೂ ಕಣ್ಣು ಅರಿಸಿನ. ಮೂರು ದಿನ ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆ ಮಜ್ಜಿಗೆ ಕಡೆದುಕೊಟ್ಟವಳು ನಾನೇ. ಅವನು ಎದ್ದು ಸುಳ್ಳು ಅಂತ ಕೂಗುತ್ತಾನೆ ಅಂದುಕೊಂಡೆ. ಕೂಗಲಿಲ್ಲ. ಅವನ ವಕೀಲನ ಕಿವಿಯಲ್ಲೂ ಏನೂ ಹೇಳಲಿಲ್ಲ. ಅಂಥ ಹೇಡಿ, ಅಂದು ಗೋಡೆ ನೋಡುತ್ತ ನಿಂತವನು, ಇಂದೂ ಹಾಗೇ.

ಚೆನ್ನಾಗಿ ಹೇಳಿದೆ. ಒಮ್ಮೆಯೂ ತಡವರಿಸಲಿಲ್ಲ.

೧೭ ಜನವರಿ ೨೦೦೫, ಸೋಮವಾರ

ಶ್ರುತಿಯನ್ನು ಚೇಂಬರಿಗೆ ಕರೆದರು. ನಾವೆಲ್ಲ ಹೊರಗೆ. ಇಪ್ಪತ್ತು ನಿಮಿಷ. ಬಾಗಿಲಿನ ಆ ಕಡೆ ಇಂದ್ರವ್ವ ಮಣಿಸರ ಹಿಡಿದು ಏನೋ ಜಪಿಸುತ್ತಿದ್ದಳು. ನಾನೂ ಬನಶಂಕರಿಗೆ ಹರಕೆ ಹೊತ್ತೆ. ಇಬ್ಬರದೂ ಒಂದೇ ಬೇಡಿಕೆ, ದೇವಿ ಯಾರ ಕಡೆ ನೋಡಿಯಾಳು?

ಹೊರಗೆ ಬಂದಾಗ ಕೈಯಲ್ಲಿ ಒಂದು ಚಾಕಲೇಟು ಇತ್ತು. ಮಲ್ಲೂನ ಮುಂದೆ ಹಾದು ಬಂದಳು, ಅವನು "ಪುಟ್ಟಿ" ಅಂದ, ಕೇಳಿಸದಂತೆ ನನ್ನ ಸೆರಗಿನ ಹಿಂದೆ ನಿಂತಳು. ಏನು ಕೇಳಿದರು ಅಂದರೆ, "ನೀ ಹೇಳಿಕೊಟ್ಟಿದ್ದು ಹೇಳೀನಿ," ಅಂದಳು. ಅಷ್ಟೇ. ಚಾಕಲೇಟು ತಿನ್ನಲಿಲ್ಲ.

೧೧ ಫೆಬ್ರುವರಿ, ಶುಕ್ರವಾರ

ಗೆದ್ದೆ! ಶ್ರುತಿ ನನ್ನ ತಾಬಾದಲ್ಲೇ ಇರಬೇಕು ಅಂತ ಆದೇಶವಾಯಿತು. ಮಲ್ಲೂಗೆ ಭೇಟಿ ಹಕ್ಕು ಅಷ್ಟೇ: ತಿಂಗಳ ಮೊದಲ ರವಿವಾರ, ಹತ್ತರಿಂದ ಐದು, ನಮ್ಮ ಮನೆಯಲ್ಲೇ, ನನ್ನ ಸಮಕ್ಷಮ. ಕಂಡಿಕೆ ಸುತ್ತಿಸಬಾರದು ಅಂತ ತಾಕೀತು ಮಾಡಿದ್ದಾರೆ. ಸುತ್ತಿಸುವುದಿಲ್ಲ, ರಾಟಿಯನ್ನೇ ಅಟ್ಟಕ್ಕೆ ಏರಿಸುತ್ತೇನೆ.

ಕೋರ್ಟಿನ ಮೆಟ್ಟಿಲ ಮೇಲೆ ನಮ್ಮವರು, "ಕೋರ್ಟಿನ್ಯಾಗ ಗೆದ್ದಾಂವ ಸೋತ, ಸೋತಾಂವ ಸತ್ತ," ಅಂದರು. ಈ ಮನುಷ್ಯನಿಗೆ ನಗುವುದೇ ಗೊತ್ತಿಲ್ಲ.

ಆದೇಶದ ಒಂದು ಭಾಗವನ್ನು ವಕೀಲರು ಎರಡು ಸಲ ಓದಿದರು. "ತಂದೆಯು ದಸರೆಯ ರಜೆಯಲ್ಲಿ ಕುಡಿದು ಬಂದು ತನ್ನನ್ನು ಕೋಣೆಯಲ್ಲಿ ಕೂಡಿಹಾಕಿದ್ದನೆಂದು ಬಾಲಕಿಯು ತಿಳಿಸಿರುತ್ತಾಳೆ. ಎದುರುದಾರಳ ಹೇಳಿಕೆಗೆ ಇದು ಪುಷ್ಟಿ ಕೊಡುತ್ತದೆ." ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು ಕೇಳಿದೆ. "ಖರೇನ ಕೂಡಿಹಾಕಿದ್ನೇನ ಅಂವ ನಿನ್ನ?"

ಮನೆಪಾಠ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಇಲ್ಲ."

"ಮತ್ತ ಯಾಕ ಹಂಗ ಹೇಳಿದಿ?"

"ಅಂಜಿಕಿ ಬರ್ತೈತಿ ಅಂದ್ನಿ. ಯಾಕ ಅಂಜಿಕಿ ಅಂತ ಸಾಹೇಬ್ರು ಕೇಳಿದ್ರು. ಅದಕ್ಕ ಏನ ಹೇಳಬೇಕಂತ ನೀ ಹೇಳಿಕೊಟ್ಟಿದ್ದಿಲ್ಲಲ್ಲ."

ಬಯ್ಯಬೇಕಿತ್ತೋ ಏನೋ. ಬಯ್ಯಲಿಲ್ಲ. "ಇದನ್ನ ಯಾರ ಮುಂದೂ ಆಡಬ್ಯಾಡ," ಅಂದು ಕೆನ್ನೆ ಸವರಿ ಒಳಗೆ ಹೋಗಿ ಹೋಳಿಗೆಗೆ ಬೇಳೆ ಇಟ್ಟೆ. ಹುಡುಗಿ ಹುಷಾರಿದ್ದಾಳೆ, ನನ್ನನ್ನು ಬಿಟ್ಟುಕೊಡಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

ಹೋಳಿಗೆ ಅರ್ಧ ತಿಂದು ಎದ್ದಳು.

೬ ಮಾರ್ಚ್ ೨೦೦೫, ರವಿವಾರ

ಅರ್ಜಿದಾರ ಹತ್ತು ಗಂಟೆಗೆ ಬಂದ. ಒಬ್ಬನೇ ಬಂದಿದ್ದ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಒಳಗೆ ಬಾ ಅಂತ ನಾನು ಅನ್ನಲಿಲ್ಲ, ಅವನೂ ಕೇಳಲಿಲ್ಲ. ನಮ್ಮವರು ಮಗ್ಗ ಬಿಟ್ಟು ಎದ್ದು ಹೋಗಿ ಅವನ ಬದಿಗೆ ಕೂತರು, ಚಹಾ ತರಿಸಿ ಕುಡಿಸಿದರು.

ಶ್ರುತಿ ಅವನ ಧ್ವನಿ ಕೇಳಿದ್ದೇ ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು. ನಾನು ಬಾಗಿಲಿಗೆ ಹೋಗಿ ಕರೆದೆ, ಕರೆಯಲಿಲ್ಲ ಅಂತ ನಾಳೆ ಯಾರೂ ಅನ್ನಬಾರದು.

"ಬಾರವ್ವ, ಬಂದಾನ ನೋಡು."

"ಒಲ್ಲೆ."

"ಯಾಕ?"

ಅಳುವ ಧ್ವನಿಯಲ್ಲಿ, "ನಾ ಸುಳ್ಳ ಹೇಳೀನಂತ ಅಂವಗ ಗೊತ್ತೈತಿ. ಹೆಂಗ ಮಾರಿ ತೋರಿಸ್ಲಿ ಅಂವಗ? ಹೋಗಂತ ಹೇಳವ್ವಾ," ಅಂದಳು.

ಹನ್ನೆರಡಕ್ಕೆ ಮತ್ತೆ ಕರೆದೆ, ಮೂರಕ್ಕೆ ಮತ್ತೆ. ಊಟಕ್ಕೂ ಬರಲಿಲ್ಲ. ಅವನೂ ಉಣ್ಣಲಿಲ್ಲ. ಬಿಸಿಲು ಕಟ್ಟೆಗೆ ಬಂದಾಗ ಸರಿದು ಸರಿದು ಗೋಡೆಗೆ ಹತ್ತಿ ಕೂತ.

ಐದಕ್ಕೆ ಎದ್ದು ಬಾಗಿಲ ಹತ್ತಿರ ಬಂದ. ನಾನು ಚೌಕಟ್ಟಿಗೆ ಅಡ್ಡ ನಿಂತಿದ್ದೆ.

"ಅಕ್ಕಾರ, ನಾ ಆಗ ಆಕಿನ್ನ ಬಿಟ್ಟುಕೊಟ್ಟಿದ್ದು ತಪ್ಪು. ಅದಕ್ಕ ಸರಿಹೋತು ಬಿಡ್ರಿ," ಅಂದ. ಚಪ್ಪಲಿ ಮೆಟ್ಟಿ ಮತ್ತೆ ತಿರುಗಿದ. "ಆಕಿಗೊಂದ ಮಾತು ಹೇಳ್ರಿ. ಅಪ್ಪಗ ಸಿಟ್ಟಿಲ್ಲ, ಒಂದೀಟೂ ಸಿಟ್ಟಿಲ್ಲ, ಏನ ಹೇಳಿದ್ರೂ ನಡೀತೈತಿ ಅಂದಾನ ಅಂತ ಹೇಳ್ರಿ. ಅಷ್ಟ ಸಾಕು."

"ಆತು," ಅಂದೆ.

ಬಸ್ಸಿಗೆ ಹೋದ. ಯಾಕೂಬಸಾಬರು ಭೇಟಿಯ ದಿನ ಆದದ್ದನ್ನೆಲ್ಲ ಬರೆದಿಡಲು ಹೇಳಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ: ದಿನಾಂಕ ೬-೩-೨೦೦೫ರಂದು ಅರ್ಜಿದಾರನು ಹಾಜರಿದ್ದನು. ಎದುರುದಾರಳು ಬಾಲಕಿಯನ್ನು ಮೂರು ಸಲ ಕರೆದಳು. ಬಾಲಕಿಯು ಸ್ವಂತ ಇಚ್ಛೆಯಿಂದ ಭೇಟಿಯನ್ನು ನಿರಾಕರಿಸಿದಳು.

ಹೀಗೆ ನಾಲ್ಕಾರು ತಿಂಗಳು ಆದರೆ ಭೇಟಿ ಹಕ್ಕನ್ನೂ ರದ್ದು ಮಾಡಿಸಬಹುದೇನೋ, ಕೇಳಬೇಕು.

ಕೋಣೆಯ ಬಾಗಿಲು ಇನ್ನೂ ಹಾಕಿಯೇ ಇದೆ. ಎರಡು ಸಲ ಅದರ ಮುಂದೆ ಹೋಗಿ ನಿಂತು ಬಂದೆ. ಅವನು ಹೇಳಿದ ಮಾತನ್ನು ನಾನು ಹೇಳಲಿಲ್ಲ. ಹೇಳಿದರೆ ಬಾಗಿಲು ತೆಗೆದು ಬಸ್ ಸ್ಟ್ಯಾಂಡಿಗೆ ಓಡಿಬಿಡುತ್ತಾಳೆ.